ಕೆಂಪು ತೂತು, ಬಿಳಿ ತೂತು

ಸೂಗೂರಪ್ಪನ ಮನ್ಯಾಗ ಹೊಸ ಟೀವಿ ಬಂದು ಒಂಬತ್ತು ದಿನ.
ಗೋಡೆತುಂಬ ಚಿತ್ರ. ದನಿ ಮಾತ್ರ
ಡಬ್ಬಿಯೊಳಗ ಸಿಕ್ಕ ಜೀರುಂಡಿದು.
"ಹಿಂದ ಬಗ್ಗಿ ನೋಡಿದೆ, ಕೆಂಪು ತೂತೂ ಇಲ್ಲ, ಬಿಳಿ ತೂತೂ ಇಲ್ಲ.
ನಮ್ಮ ಆಂಪ್ಲಿಫೈಯರಿಗೆ ಎಲ್ಲಿಂದ ವೈರ್ ಕೊಡ್ಲಿ?"
ಅಂತ ಫೋನಿನಾಗ ನನ್ನ ಮ್ಯಾಲೇ ಸಿಟ್ಟು.

ತೀನ್ ಕಂದೀಲಿನ ಅಂಗಡಿಗೆ ಅರ್ಧ ಶಟರ್ ಎಳೆದು ಹೊಂಟೆ.
ಕಿಸೇದಾಗ ಬೆಂಕಿಪೊಟ್ಟಣದಷ್ಟು ಕರೀ ಡಬ್ಬಿ:
ಒಂದು ಕಡೆ ಎಚ್‌ಡಿಎಂಐದ ಚಪ್ಪಟೆ ಬಾಯಿ,
ಇನ್ನೊಂದು ಕಡೆ ಅವೇ, ಕೆಂಪು, ಬಿಳಿ.
ಎಂಟುನೂರಾ ಐವತ್ತು.

ಆಂಪ್ಲಿಫೈಯರ್ ನೋಡಿದ ಕೂಡಲೆ ಗುರ್ತು ಹತ್ತಿತು.
ನಮ್ಮ ಉಸ್ತಾದ್ ಲಾಡ್ಲೇಸಾಬರ ಕೈದು.
ತೀಸ್ ಪಚಪನ್ ಟ್ರಾನ್ಸಿಸ್ಟರ್ ನಾಲ್ಕು,
ಮೂಲ್ಯಾಗ ಮೊಳೆಯಿಂದ ಗೀರಿದ ಇಸವಿ, ಎಂಬತ್ತೇಳು.
ಆವಾಗ ನಾನು ಚಾ ತರೋ ಹುಡುಗ,
ಬೆಸುಗಿ ಹೊಗಿಗೆ ಕಣ್ಣು ಒರೆಸಿಕೊಳ್ಳೋ ಹುಡುಗ.

ಸ್ಪೀಕರ್ ಮಾತ್ರ ಒಂದೇ.
"ಇನ್ನೊಂದು?"
ಸೂಗೂರಪ್ಪ ಕಿಡಕಿ ಕಡೆ ನೋಡಿದ.
ನೀರಿನ ಚರಗಿ ಇಟ್ಟು ತಾಯಮ್ಮ ಹೇಳಿದಳು:
"ಪಾಲಾದಾಗ ಮೈದುನನ ಕಡೆ ಹೋತು.
ಕಪಾಟು ಒಂದೇ ಇತ್ತು, ಮಾರಿ ರೊಕ್ಕ ಹಂಚ್ಕೊಂಡ್ರು.
ಇವು ಎರಡಿದ್ವಲ್ಲ."

ವೈರ್ ಕೊಟ್ಟೆ. ಡಬ್ಬಿಗೆ ದೀಪ ಬಂತು, ದನಿ ಬರಲಿಲ್ಲ.
ರಿಮೋಟ್ ಹಿಡಿದು ಸೆಟ್ಟಿಂಗಿನೊಳಗ ಹೊಕ್ಕೆ.
ಟೀವಿ ಆರು ದನಿ ಗಂಟು ಕಟ್ಟಿ ಕಳಿಸಾಕತ್ತಿತ್ತು,
ಈ ಬಡವನಿಗೆ ಆ ಗಂಟು ಬಿಚ್ಚಾಕ ಬರಂಗಿಲ್ಲ.
ಪಿಸಿಎಂ ಅಂತ ಒತ್ತಿದೆ.
ಬಂತು.

ಕೂಲರ್ ಬಂದ್ ಮಾಡಿಸಿದೆ. ದನಿ ನೋಡಬೇಕಂದ್ರ ಸೆಖಿ ತಡೀಬೇಕು,
ರಾಯಚೂರಿನಾಗ ಎರಡೂ ಒಟ್ಟಿಗೆ ಸಿಗಂಗಿಲ್ಲ.
ಪರದೆ ಮ್ಯಾಲ ಒಂದು ಲಾರಿ ಎಡದಿಂದ ಬಂತು,
ನಡುಮನಿ ತನಕ ಬಂತು,
ಅಲ್ಲಿಂದ ಬರೇ ಚಿತ್ರ ಹೋತು.

"ಸಾಕು ಬಿಡು, ಕೇಳ್ತೈತಲ್ಲ" ಅಂದ ಸೂಗೂರಪ್ಪ.
ಎರಡೂ ಕಾಲುವಿ ಒಂದಕ್ಕೇ ತಿರುವೋದು
ಎರಡು ರೆಸಿಸ್ಟರಿನ ಕೆಲಸ, ಐದು ಮಿನಿಟು.
ಮಾಡಲಿಲ್ಲ.
"ಒಂದೇ ಕಡೆ ಭಾರ ಬಿದ್ರ ಟ್ರಾನ್ಸಿಸ್ಟರ್ ಸುಡ್ತಾವ" ಅಂದೆ.
ನಲವತ್ತು ವರ್ಷದ ಕಸುಬಿನಾಗ
ನಾನು ಹೇಳಿದ ಶುದ್ಧ ಸುಳ್ಳು ಇದೊಂದೇ ಅಲ್ಲ,
ಆದ್ರ ಇದಕ್ಕ ರೊಕ್ಕ ತೊಗೊಂಡಿಲ್ಲ.

ಗೋಡಿ ಆಚೆ ಅಯ್ಯಣ್ಣ. ಅವರ ಮನ್ಯಾಗ ಸ್ಪೀಕರ್ ಮ್ಯಾಲ ಮಿಕ್ಸರ್ ಇತ್ತು.
ಎತ್ತಿ ಪಕ್ಕಕ್ಕಿಟ್ಟು, ಅಂಗೈಲೆ ಧೂಳು ಒರೆಸಿ, ಅಣ್ಣನ ಸುದ್ದಿ ಕೇಳಲಿಲ್ಲ:
"ನಮ್ಮ ಸಣ್ಣವ ಪೆನ್ಸಿಲ್ ಚುಚ್ಯಾನ. ಹರಿದೈತಿ."
ತೆಳ್ಳನ ಕಾಗದ, ಒಂದಿಷ್ಟು ಫೆವಿಕಾಲ್. ಒಣಗೋ ತನಕ
ಅವ ಬಾಗಿಲಾಗ ನಿಂತ, ಒಳಗ ಬರಲಿಲ್ಲ.
ಆಮ್ಯಾಲ ತಾನೇ ಹೊತ್ತುಕೊಂಡು ನನ್ನ ಹಿಂದ ಬಂದ.

ಜೋಡಿಸಿದೆ. ಎರಡೂ ಜೋರು,
ಆದ್ರ ಮಾತು ಪೊಳ್ಳು, ಬಾವಿ ತಳದಾಗಿಂದ ಬಂದಂಗ.
ಸಂಗೀತ ಐತಿ, ಹೆಜ್ಜಿ ಸಪ್ಪಳ ಐತಿ, ಆಡೋ ಮಾತಿಲ್ಲ.
ಎಲ್ಲಿ ತಪ್ಪೈತಿ ಅಂತ ಗೊತ್ತಿತ್ತು. ಯಾರೋ ಯಾವತ್ತೋ
ಕೆಂಪು ಕರಿ ಅದಲುಬದಲು ಮಾಡ್ಯಾರ.
ಇದು ಮುಂದ ನೂಕಿದಾಗ ಅದು ಹಿಂದ ಜಗ್ಗತೈತಿ,
ನಡುವಿಂದು ಅಲ್ಲಿಂದಲ್ಲಿಗೇ ಕಳೀತೈತಿ.
ಇಬ್ಬರೂ ನನ್ನ ಕೈ ನೋಡಿದ್ರು.
ಒಂದೇ ಸ್ಪೀಕರಿನ ವೈರ್ ಬಿಚ್ಚಿ ತಿರುವಿದೆ.
ಎರಡೂ ತಿರುವಿದ್ರ ಮತ್ತ ಅದೇ.

ಆವಾಗ ಮಾತು
ಎಡಕ್ಕಲ್ಲ, ಬಲಕ್ಕಲ್ಲ, ಟೀವಿಯೊಳಗೂ ಅಲ್ಲ,
ನಡುಗೋಡಿ ಮ್ಯಾಲ, ಕ್ಯಾಲೆಂಡರಿನ ಖಾಲಿ ಮೊಳೆ ಇತ್ತಲ್ಲ,
ಅಲ್ಲಿಂದ ಬಂತು.
ಅಯ್ಯಣ್ಣ ಎದ್ದು ಹೋಗಿ ಮೊಳೆ ಮುಟ್ಟಿ ನೋಡಿದ.

ಕರೆಂಟ್ ಹೋತು.
ಶಕ್ತಿನಗರದಾಗ ಹುಟ್ಟಿ, ನಮ್ಮನ್ನೇ ಮೊದಲು ಬಿಡೋ ಕರೆಂಟು.
ಉಸ್ತಾದರು ಹಾಕಿದ ಕೆಪಾಸಿಟರ್ ದೊಡ್ಡವು,
ಮುಂದಿನ ದೀಪ ಎರಡು ಉಸಿರು ಉಳೀತು.
ಅಷ್ಟರಾಗ ಯಾರೂ ಮಾತಾಡಲಿಲ್ಲ.

ಕತ್ತಲಾಗ ಅಯ್ಯಣ್ಣ: "ಸೋಮವಾರ ಒಯ್ತೀನಿ."
ಸೂಗೂರಪ್ಪ: "ಹೂಂ."
ತಾಯಮ್ಮ ಮೇಣಬತ್ತಿ ಹುಡುಕಾಕ ಹೋದಳು.
ಅದರ ಬೆಳಕಿನಾಗ ಸೂಗೂರಪ್ಪ ರೊಕ್ಕ ಎಣಿಸಿದ,
ಏಳುನೂರು.
"ಇದಕ್ಕಿಂತ ಹೆಚ್ಚ ಬಾಳಂಗಿಲ್ಲಪ್ಪ
ನಿನ್ನ ಬೆಂಕಿಪೊಟ್ಟಣ."