ದಪ್ಪಕ್ಷರದ ತಾರೀಕು

ನಾಳೆ ಬೋಟು ಇಳಿಯುತ್ತದೆ.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಎರಡು ತಿಂಗಳ ಮೇಲೆ
ಅಮೋನಿಯದ ವಾಸನೆ ಎದ್ದು ಕೂತಿದೆ.
ಆಫೀಸಿನ ಕಂಪ್ಯೂಟರ್ ಮಾತ್ರ ಏಳುವುದಿಲ್ಲ.
ಗುಂಡಿ ಒತ್ತಿದರೆ ಒಮ್ಮೆ ಕೆಮ್ಮುತ್ತದೆ,
ನೀಲಿ ಪರದೆಯಲ್ಲಿ ಬಿಳಿ ಅಕ್ಷರದಲ್ಲಿ ಏನೋ ಶಪಿಸುತ್ತದೆ,
ಮತ್ತೆ ಮೊದಲಿನಿಂದ.

ದಾಮು ಸಾಲ್ಯಾನರ ಸೋದರಳಿಯ ಹೊಸ ಪ್ರಿಂಟರು ತಂದದ್ದು
ಆಟಿ ಅಮಾವಾಸ್ಯೆಯ ದಿನ.
ಊರೆಲ್ಲ ಪಾಲೆ ಕೆತ್ತೆಯ ಕಷಾಯ ಕುಡಿಯುವಾಗ
ಇದಕ್ಕೆ ಅದರ ಡ್ರೈವರು ಕುಡಿಸಿದ.

ಸುದ್ದಿ ದಕ್ಕೆ ಮುಟ್ಟಲು ಅರ್ಧ ತಾಸು ಬೇಡ.
"ನನ್ನ ಲೆಕ್ಕ ಏಪ್ರಿಲ್ಲಿನಲ್ಲೇ ಚುಕ್ತಾ ಅಲ್ವಾ ಬಾಯಿ?"
"ನನ್ನದು ಹತ್ತು ಬ್ಲಾಕ್ ಇದ್ದೀತು, ಹೆಚ್ಚಿಲ್ಲ."
ಸಾವಿನ ಮನೆಗೆ ಬಂದವರ ಮೆತ್ತಗಿನ ಸ್ವರ
ಎಲ್ಲರಿಗೂ.

ಮಣಿಪಾಲದಿಂದ ಬಂದ ಹುಡುಗ ಬಗ್ಗಿ ನೋಡಿ,
"ಇದು ಮ್ಯೂಸಿಯಮ್ಮಿಗೆ ಕೊಡಿ.
ಇಲ್ಲದಿದ್ದರೆ ಎಲ್ಲ ಅಳಿಸಿ ಹೊಸದು ಹಾಕುವ" ಎಂದ.
ಅಳಿಸುವ, ಅಂತ ಎಷ್ಟು ಸಲೀಸು!
ಚಾ ಕುಡಿಸಿ ಕಳಿಸಿದೆ.

ಇದನ್ನು ಮಾರಿದ ಕಲ್ಸಂಕದ ಅಂಗಡಿಯವರು
ಇಪ್ಪತ್ತು ವರ್ಷದ ಹಿಂದೆ ಹೇಳಿದ್ದರು:
"ಮದ್ದು ಇದರ ಹೊಟ್ಟೆಯಲ್ಲೇ ಉಂಟು.
ಏಳುವ ಮೊದಲು ಎಫ್ ಎಂಟು ಒತ್ತಬೇಕು,
ಮೊದಲು ಅಂದರೆ ಮೊದಲು."

ಹೊಸ ಕೀಬೋರ್ಡು ಆ ಹೊತ್ತಿಗೆ ಅದಕ್ಕೆ ಗುರುತು ಸಿಗುವುದಿಲ್ಲ.
ಕಪಾಟಿನಡಿ ಹಳೆಯದು ಸಿಕ್ಕಿತು, ನೇರಳೆ ಮೂತಿಯದ್ದು,
ಕೀಗಳ ಸಂದಿಯಲ್ಲಿ ಯಾವುದೋ ಮೀನಿನ ಹುರುಪೆ.
ಎಂಟು ಎಂಟು ಎಂಟು ಎಂಟು.
ಒಮ್ಮೆ ತಡವಾಯಿತು. ಇನ್ನೊಮ್ಮೆ ಅವಸರವಾಯಿತು.
ಮೂರನೆಯ ಸಲ ಕಪ್ಪು ಗೋಡೆಯಲ್ಲಿ
ಸಾಲು ಸಾಲು ಬಾಗಿಲು.

'ಕೊನೆಯ ಸಲ ಸರಿ ಇದ್ದ ಸ್ಥಿತಿ'
ಅಂತ ಒಂದಕ್ಕೆ ಹೆಸರು; ಕನ್ನಡ ನನ್ನದು.
ತಟ್ಟಿದೆ. ಮತ್ತೆ ನೀಲಿ.
ತಾನು ಯಾವಾಗ ಸರಿ ಇದ್ದೆನೆಂದು ಅದಕ್ಕೇ ನೆನಪಿಲ್ಲ.
ಇರಲಿ, ಯಾರಾದರೂ ಕೇಳಿದರೆ
ನನಗೂ ಸ್ವಲ್ಪ ಹೊತ್ತು ಬೇಕಾದೀತು.

ಆಮೇಲೆ ಸೇಫ್ ಮೋಡು:
ನಾಲ್ಕು ಮೂಲೆಯಲ್ಲಿ ಕಾವಲು ನಿಂತ ಅದೇ ಎರಡು ಪದ,
ನಡುವೆ ಚಿತ್ರಗಳು ದೊಡ್ಡದಾಗಿ, ಒರಟಾಗಿ,
ಕನ್ನಡಕ ಮರೆತು ಬಂದವರಿಗೆ ಬರೆದಂತೆ.
ಪ್ರಿಂಟರಿಲ್ಲ, ಸದ್ದಿಲ್ಲ, ಬಣ್ಣ ಕಡಿಮೆ.
ಜ್ವರದವರ ಗಂಜಿ. ಉಪ್ಪೊಂದು ಉಂಟು.

ಅಲ್ಲಿ ತೆರೆಯಿತು ಒಂದು ಕ್ಯಾಲೆಂಡರ್.
ದಪ್ಪಕ್ಷರದ ತಾರೀಕಿಗೆ ಮಾತ್ರ ಹಿಂದೆ ಹೋಗಬಹುದು,
ಉಳಿದ ದಿನಗಳಿಗೆ ಯಾರೂ ಗುರುತು ಇಟ್ಟಿಲ್ಲ.
ಜುಲೈ ಹತ್ತು. ಜುಲೈ ಹದಿನಾರು. ಎರಡೇ.
ಹದಿನಾರರಂದು ಏನಾಗಿತ್ತು?
ಏನೂ ಆಗಿರಲಿಲ್ಲ, ಕರೆಂಟು ಹೋಗಿ ಬಂದಿತ್ತು.
ಅದನ್ನೇ ಒತ್ತಿದೆ.

ಹಸಿರು ಪಟ್ಟಿ ಕುರ್ಲೆ ಏಡಿಯಂತೆ ಸರಿಯಿತು, ನಿಂತಿತು, ಸರಿಯಿತು.
"ಬಾಯೀ, ಜೀವ ಉಂಡಾ?"
ಬಾಗಿಲಲ್ಲಿ ಸಂಜೀವ ತಿಂಗಳಾಯರು,
ಇಲ್ಲವೆಂದರೆ ಅತ್ತು ಸಂತೋಷಪಡುವವರು.
ಅಷ್ಟರಲ್ಲಿ ಅದು ರಾಗ ಎಳೆದು ಎದ್ದಿತು.

ತಿಂಗಳಾಯರದ್ದು ಇನ್ನೂರ ಹನ್ನೊಂದು ಬ್ಲಾಕ್.
ಒಂದು ಕಾಳೂ ಕರಗಿರಲಿಲ್ಲ.
ಹಿಂದೆ ಹೋಗಿ ಬಂದದ್ದು ಯಂತ್ರ, ಲೆಕ್ಕ ಅಲ್ಲ.
ಕೆಳಗೆ ಬಾಬಣ್ಣ ಕುಂದರರ ಹೆಸರು, ನಲವತ್ತು ಬ್ಲಾಕ್.
ಮೇ ತಿಂಗಳಲ್ಲಿ ಅಜ್ಜರಕಾಡು ಆಸ್ಪತ್ರೆಯಲ್ಲಿ ಹೋದರು.
ಮೇ ತಿಂಗಳಿಗೆ ಬಾಗಿಲೇ ಇರಲಿಲ್ಲ,
ನೋಡಿದ್ದೆ.

ಪ್ರಿಂಟರಿಗೂ ಇದಕ್ಕೂ ಈಗ ಪರಿಚಯವಿಲ್ಲ.
ಕೆಂಪು ರಟ್ಟಿನ ಪುಸ್ತಕಕ್ಕೆ ಕೈಯಲ್ಲೇ ಇಳಿಸಿದೆ
ಎಲ್ಲರ ಬಾಕಿ, ಒಂದು ಸಾಲು ಬಿಟ್ಟು.
ಆಮೇಲೆ, ಇವತ್ತಿಗೂ ಒಂದು ಗುರುತು ಹಾಕು ಅಂದೆ.
ಹೆಸರು ಕೇಳಿತು.
'ಬೋಟು ಇಳಿಯುವ ಮುನ್ನಾದಿನ'
ಒಂದೇ ಬೆರಳಲ್ಲಿ ಒತ್ತುತ್ತಿದ್ದೆ;
ಮೇಜಿನ ಆಚೆ ತಿಂಗಳಾಯರು
ನೂರ ಎಂಬತ್ತಕ್ಕೆ ಇಳಿಸಿ ಅಂತ
ಚೌಕಾಸಿ ಶುರುಮಾಡಿದ್ದರು.