ಆರು ಹದಿನೆಂಟಕ್ಕೆ

ಸಂಜೆ ಆರು ಹದಿನೆಂಟಕ್ಕೆ, ಹವಾಮಾನ ಮುಗಿದು
ಐಸ್ ಹಾಕಿಯ ಸ್ಕೋರು ಶುರುವಾಗುವ ಮುಂಚೆ
ನನ್ನ ಗಂಡ ಟಿವಿಯಲ್ಲಿ ಬರುತ್ತಾನೆ.

ನಾಲ್ಕೇ ಸೆಕೆಂಡು.
ಗವರ್ನರ್ ಲಾಕ್‌ರಿಜ್ ಕಾಯಿದೆಗೆ ಸಹಿ ಹಾಕುತ್ತಿದ್ದಾರೆ.
ಹಿಂದೆ ನಿಂತವರಲ್ಲಿ ಎಡದಿಂದ ಮೂರನೆಯವನು,
ಅಣ್ಣನ ಉಣ್ಣೆ ಕೋಟು ತೊಟ್ಟು, ತೋಳು ಗಿಡ್ಡವಾಗಿ,
ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ ಆರ್ಮಾಂಡ್.
ಛಾವಣಿ ಹೊದಿಸುವವನು. ಹೃದಯದ ಕವಾಟ ಸೋರುತ್ತಿದ್ದವನು.

ಬಣ್ಣ ಬಸಿದು ಎಲ್ಲರನ್ನೂ ಬೂದಿ ಮಾಡಿದ್ದಾರೆ,
ಸಹಿಯ ಕೈಗೊಂದು ಕೆಂಪು ಬಳೆ ಬರೆದಿದ್ದಾರೆ.
ಗಡಸು ದನಿಯೊಂದು ಕೇಳುತ್ತದೆ:
‘ವಿಮೆ ಕೊಳ್ಳದವರಿಗೆ ದಂಡ ಹಾಕಿದವನು
ನಾಳೆ ದೇಶವನ್ನೇ ಆಳಬೇಕೆ?’
ಬಳೆಯ ಅಂಚು ಆರ್ಮಾಂಡ್‌ನ ಮೊಣಕೈಗೆ ಒಂಚೂರು ತಾಗುತ್ತದೆ.

ಅದೆಲ್ಲ ನದಿಯಾಚೆಯ ರಾಜ್ಯದ ಹಳೆಯ ಮಾತು.
ಅವನನ್ನು ಮಣ್ಣು ಮಾಡಿದ ಮೇಲೆ
ತಂಗಿಯಿರುವ ಈ ನ್ಯೂ ಹ್ಯಾಂಪ್‌ಶೈರಿಗೆ ಬಂದೆ.
ಇಲ್ಲಿ ನಾಲ್ಕು ವರ್ಷಕ್ಕೊಮ್ಮೆ
ಅಧ್ಯಕ್ಷರಾಗುವವರೆಲ್ಲ ಹಿಮ ತುಳಿದುಕೊಂಡು ಬಂದು
ನಮ್ಮ ಪ್ಯಾನ್‌ಕೇಕ್ ತಿಂದು ಹೋಗುತ್ತಾರೆ.

‘ಚಾನೆಲ್ ಬದಲಿಸೇ ಓಡೆಟ್,’ ಅನ್ನುತ್ತಾಳೆ ಲೂಸಿಯೆನ್,
‘ಇಲ್ಲ, ಕೇಸು ಹಾಕು.’
ನಾನು ಬಟಾಣಿ ಸೂಪು ಆರಲು ಬಿಟ್ಟು ಕಾಯುತ್ತೇನೆ.
ಮದುವೆಯ ಫೋಟೊದಲ್ಲಿ ಅವನು ಕಣ್ಣು ಮುಚ್ಚಿಬಿಟ್ಟಿದ್ದ.
ಇದರಲ್ಲಿ ಒಮ್ಮೆ ರೆಪ್ಪೆ ಬಡಿದು, ತೆರೆಯುತ್ತಾನೆ.

ಕಳೆದ ಮಂಗಳವಾರ ಲಾಕ್‌ರಿಜ್ ತಾವೇ ಬಂದರು
ಅಗ್ನಿಶಾಮಕ ಠಾಣೆಯ ಹಾಲಿಗೆ.
‘ಅದು ಆ ಕಾಲಕ್ಕೆ, ಆ ರಾಜ್ಯಕ್ಕೆ. ಈಗಾಗಿದ್ದರೆ
ಮಾಡುತ್ತಲೇ ಇರಲಿಲ್ಲ’ ಅಂದರು,
ಹೆತ್ತ ಕೂಸನ್ನು ಪಕ್ಕದ ಮನೆಯದೆಂದು ತೋರಿಸುವ ಹಾಗೆ.
ಚಪ್ಪಾಳೆ. ಶಾಮೀಲಾಗದ ನನ್ನ ಕೈಯಲ್ಲಿ ಪೆನ್ನಿತ್ತು,
ಅಂದು ಸಹಿಗೆ ಬಳಸಿದ ಹನ್ನೊಂದರಲ್ಲಿ ಒಂದು,
ಹೆಸರಿನ ಒಂದೇ ಅಕ್ಷರ ಬರೆದು ಆರ್ಮಾಂಡ್‌ಗೆ ಕೊಟ್ಟದ್ದು.

ಕೈಕುಲುಕುವ ಸಾಲಿನಲ್ಲಿ ನನ್ನ ಸರದಿ.
‘ನಿಮ್ಮಿಂದ ನನ್ನ ಗಂಡ
ಏಳು ಚಳಿಗಾಲ ಹೆಚ್ಚು ಬದುಕಿದ,’ ಅಂದೆ.
ಹಿಡಿದ ಕೈ ಸಡಿಲಾಯಿತು. ಕಣ್ಣು
ಕ್ಯಾಮೆರಾ ಎಲ್ಲಿದೆಯೆಂದು ಹುಡುಕಿತು.
ಬೈಗುಳಕ್ಕೆ ಹೆದರುವವರನ್ನು ಬೇಕಾದಷ್ಟು ಕಂಡಿದ್ದೇನೆ,
ಥ್ಯಾಂಕ್ಸಿಗೆ ಹೆದರಿದವರನ್ನು ಅಂದೇ ನೋಡಿದ್ದು.

ಒಬ್ಬ ಹುಡುಗ ಬಂದು, ಕಾಫಿ ಆ ಕಡೆ ಇದೆಯಮ್ಮ ಅಂದ.
ನಾನು ತಿರುಗುವಷ್ಟರಲ್ಲಿ ಅವರು, ತುಟಿ ಅಲುಗಿಸದೆ:
‘ಯಾರು ಅವರು?’
‘ಎಡದಿಂದ ಮೂರನೆಯವನು.’
ಹಾಂ, ಅಂದರು. ಕೂಡಲೇ ಅಂದರು.
ಅವರೂ ನೋಡುತ್ತಾರೆ ಹಾಗಾದರೆ,
ಯಾವುದೋ ಹೋಟೆಲಿನ ಮಂಚದ ತುದಿಯಲ್ಲಿ ಕೂತು.

ಮತದಾನ ಮುಗಿಯಿತು. ಯಾರಿಗೆ ಹಾಕಿದೆನೆಂದು
ಲೂಸಿಯೆನ್‌ಗೂ ಹೇಳಿಲ್ಲ. ಪೆನ್ನು ಒಣಗಿತ್ತು,
ಅಲ್ಲಿಟ್ಟಿದ್ದ ಮಾರ್ಕರಿನಲ್ಲೇ ಗುಂಡಗೆ ತುಂಬಿ ಬಂದೆ.

ಬುಧವಾರ ಆರು ಹದಿನೆಂಟಕ್ಕೆ
ಹಿಮದ ಟೈರಿನ ಜಾಹೀರಾತು.
ಬಸ್ಸು, ಬ್ಯಾನರು, ಬಾಣಲೆ ಹೊತ್ತ ಹುಡುಗರು
ಎಲ್ಲರೂ ದಕ್ಷಿಣ ಕೆರೊಲಿನಾಕ್ಕೆ ಹೊರಟುಹೋದರು.
ಆರ್ಮಾಂಡ್‌ನೂ ಹೋಗಿರಬೇಕು.
ಅಲ್ಲಿ ಈಗಾಗಲೇ ಬಿಸಿಲಂತೆ.
ಆ ಕೋಟಿನಲ್ಲಿ ಅವನಿಗೆ ಸೆಕೆಯಾಗುತ್ತದೆ.