ಬಿ ತೊಟ್ಟಿಯ ಏಳನೇ ಮೀನು

ಏಪ್ರಿಲ್ ತಿಂಗಳು. ಎಕ್ಕೂರಿನ ಹೆದ್ದಾರಿಯಲ್ಲಿ
ಡಾಮರು ಚಪ್ಪಲಿಗೆ ಅಂಟುವಾಗ
ನಾನೊಬ್ಬಳು ಸ್ವೆಟರು ಹಾಕಿ ಕೆಲಸಕ್ಕೆ ನಿಲ್ಲುತ್ತಿದ್ದೆ.
ಲ್ಯಾಬಿನ ಒಳಕೋಣೆಯಲ್ಲಿ ಎರಡು ತೊಟ್ಟಿ,
ನೀರು ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ;
ಯಾವುದೋ ಬಿಳಿ ಕಡಲಿನಿಂದ ವಿಮಾನ ಹತ್ತಿ ಬಂದ
ಗೇಣುದ್ದದ ಮೀನುಗಳು.

ಮೂಸಿದರೆ ಮುಳ್ಳುಸೌತೆಯ ವಾಸನೆ.
ಅಮ್ಮನಿಗೆ ಹೇಳಿದೆ. ನಲವತ್ತು ವರ್ಷ
ಬುಟ್ಟಿ ಹೊತ್ತವಳು, ನಂಬಲಿಲ್ಲ.
"ಮೀನು ಮೀನಿನ ಹಾಗೆ ನಾರಬೇಕು ಮಾರಾಯ್ತಿ,
ಸೌತೆ ನಾರಿದರೆ ತೆಂಗಿನಕಾಯಿ ಅರೆದು ಹುಳಿ ಮಾಡು."

ಕೆಲಸ ಸುಲಭ. ಎ ತೊಟ್ಟಿಗೆ ಎರಡು ಹೊತ್ತು
ಕೊಚ್ಚಿದ ಸಿಗಡಿ. ಬಿ ತೊಟ್ಟಿಗೆ ಏನೂ ಇಲ್ಲ.
ಏನೂ ಇಲ್ಲ ಎನ್ನುವುದನ್ನೂ
ಗಂಟೆ ಹಾಕಿ ರಿಜಿಸ್ಟರಿನಲ್ಲಿ ಬರೆಯಬೇಕು:
ಎಂಟೂವರೆ, ಇಲ್ಲ. ಐದೂವರೆ, ಇಲ್ಲ. ಸಹಿ.

ಹಿಲ್ಡಾ ಮಾಡ್ತಾ ಮೇಡಂ ಬೋರ್ಡಿನಲ್ಲಿ ಚಿತ್ರ ಬಿಡಿಸಿದರು.
ಚಳಿ ಬಂದಾಗ ಈ ಮೀನು
ತನ್ನ ರಕ್ತವನ್ನೇ ಸಿಹಿ ಮಾಡಿಕೊಳ್ಳುತ್ತದಂತೆ.
ಲಿವರಿನಲ್ಲಿ ಕೂಡಿಟ್ಟದ್ದನ್ನು ಮುರಿದು ಗ್ಲಿಸರಾಲ್,
ನಮ್ಮ ಕೆಮ್ಮಿನ ಸಿರಪ್ಪಿನಲ್ಲಿ ಇರುವುದೇ.
ಸಿಹಿ ಇರುವಷ್ಟು ದಿನ ಹೆಪ್ಪಿನ ಭಯ ಕಡಿಮೆ.
ಆದರೆ ಕಿವಿರಿನಿಂದ, ಚರ್ಮದಿಂದ
ಹಗಲೂ ರಾತ್ರಿ ಅದು ಕಡಲಿಗೆ ಸೋರುತ್ತದೆ.
ಸೋರಿದ್ದನ್ನು ಮತ್ತೆ ಮಾಡಬೇಕು, ಮಾಡಲು ತಿನ್ನಬೇಕು.
"ತಿನ್ನದಿದ್ದರೆ ಮೇಡಂ?"
"ಅದನ್ನೇ ಅಲ್ವಾ ನಾವು ನೋಡುವುದು."

ಸೇಸಪ್ಪ ಮಾಮನಿಗೆ ದಕ್ಕೆಯ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ.
ಅಲ್ಲಿಯೂ ತೊಟ್ಟಿ: ಮೈನಸ್ ಹತ್ತರ ಉಪ್ಪುನೀರು,
ಅದರಲ್ಲಿ ಕುತ್ತಿಗೆವರೆಗೆ ಮುಳುಗಿದ ಡಬ್ಬಿಗಳು.
ಕತೆ ಕೇಳಿ ಮಾಮ ಅಮೋನಿಯದ ಕೆಮ್ಮಿನ ನಡುವೆ ನಕ್ಕರು:
"ನಿಮ್ಮಲ್ಲಿ ಸಿಹಿ ಕಾಯುತ್ತದೆ,
ಇಲ್ಲಿ ಸಿಹಿನೀರೇ ಮೊದಲು ಕಲ್ಲಾಗುವುದು."
ಡಬ್ಬಿ ಎತ್ತಿದಾಗಲೆಲ್ಲ ಒಂದಿಷ್ಟು ಉಪ್ಪು ಹೋಗುತ್ತದೆ.
ವಾರಕ್ಕೆ ಎರಡು ಮೂಟೆ ಸುರಿಯಲೇಬೇಕು,
ಮರೆತರೆ ಕೊಳವೆಗೆ ಮಂಜು ಹತ್ತುತ್ತದೆ.

ಮಾಮ ಉಪ್ಪು ಮರೆತವರಲ್ಲ.
ಆ ವರ್ಷ ಬೋಟುಗಳು ಕಡಿಮೆ, ಸಂಬಳ ಅರ್ಧ;
ರಾತ್ರಿ ಊಟವನ್ನು ಚಹಾಕ್ಕೆ ಇಳಿಸಿದ್ದರು, ಯಾರಿಗೂ ಹೇಳದೆ.
ಕೇಳಿದರೆ ಇಲ್ಲದ ಹೊಟ್ಟೆ ತಟ್ಟಿ
"ಸ್ಟಾಕು ಉಂಟು, ಮಳೆಗಾಲದವರೆಗೆ ಸಾಕು" ಎನ್ನುವುದು.
ಅಮ್ಮ ಮಾತ್ರ ಒಲೆಯ ಎದುರು ಗೊಣಗಿದಳು,
ಬೂತಾಯಿಗೋ ತಮ್ಮನಿಗೋ:
"ಕೊಬ್ಬಿಲ್ಲದ್ದು ಕಾವಲಿಗೆ ಅಂಟುತ್ತದೆ."

ಮೊದಲ ವಾರ ಎರಡೂ ತೊಟ್ಟಿ ಒಂದೇ ತರ.
ಎರಡನೇ ವಾರವೂ. ಮೇಡಂಗೆ ಬೇಸರ ಬಂದಿತ್ತು.
ಇಪ್ಪತ್ತನಾಲ್ಕನೇ ದಿನ ಕೊಯ್ದರೆ
ಬಿ ತೊಟ್ಟಿಯ ಮೀನಿನ ಲಿವರು
ಒಗೆದೊಗೆದು ಬಣ್ಣ ಬಿಟ್ಟ ರಿಬ್ಬನ್ನಿನ ಹಾಗೆ,
ಯಂತ್ರದಲ್ಲಿ ಸಿಹಿಯ ಗೆರೆ ಇಳಿಜಾರು.
ಮರುದಿನ, ಅಂಚಿಗೆ ಕಟ್ಟಿದ್ದ ಐಸಿನ ಚೂರು ತಾಗಿ
ಒಂದು ಮೀನು ಈಜುತ್ತಿದ್ದ ಭಂಗಿಯಲ್ಲೇ ಸೆಟೆಯಿತು.
ಬಾಲ ಎಡಕ್ಕೆ ತಿರುಗಿತ್ತು. ಹಾಗೆಯೇ ಉಳಿಯಿತು.

ಅಂದು ಸಂಜೆ ಐದೂವರೆಗೆ
ಒಂದು ಹಿಡಿ ಸಿಗಡಿ ಬಿ ತೊಟ್ಟಿಗೆ ಹಾಕಿದೆ.
ಯೋಚನೆ ಮಾಡಿ ಹಾಕಿದ್ದಲ್ಲ.
ಮೇಲೆ ಬಂದದ್ದು ಒಂದೇ ಮೀನು.
ಉಳಿದವಕ್ಕೆ ತಿನ್ನುವುದು ಮರೆತಿತ್ತೋ,
ತಿರುಗಲು ಬೇಕಾದ ಶಕ್ತಿಯೇ ಇರಲಿಲ್ಲವೋ.
ಆ ಒಂದು ಮತ್ತೆ ಮತ್ತೆ ಬಂತು, ಪೂರ್ತಿ ಮುಗಿಸಿತು.
ರಿಜಿಸ್ಟರಿನಲ್ಲಿ ಬರೆದೆ: ಇಲ್ಲ. ಸಹಿ.

ಬಸ್ಸು ಹಿಡಿದು ದಕ್ಕೆಗೆ ಹೋದೆ, ಬುತ್ತಿ ತೆಗೆದುಕೊಂಡು.
ಕುಚ್ಚಲಕ್ಕಿ ಅನ್ನ, ಒಣಸಿಗಡಿ ಚಟ್ನಿ.
"ನಾಳೆಯಿಂದ ಬೇಡ" ಎಂದರು ಮಾಮ, ತುಂಬಿದ ಬಾಯಲ್ಲಿ.
ಮರುದಿನವೂ ಹಾಗೆಯೇ ಎಂದರು.

ವಾರ ಕಳೆದು ಮೇಡಂ ಚುಕ್ಕಿಗಳನ್ನು ಜೋಡಿಸುವಾಗ
ಬಿ ತೊಟ್ಟಿಯ ಏಳನೇ ಮೀನು
ಗೆರೆ ಬಿಟ್ಟು ಮೇಲೆ, ಒಬ್ಬಂಟಿ ಕೂತಿತ್ತು.
ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದರು. "ಎಂತ ಇದು?"
ಮೂರು ಸಲ ಪರೀಕ್ಷೆ. ಮೂರು ಸಲವೂ ಅಲ್ಲೇ.
ನಾನು ಬಕೆಟ್ಟು ತೊಳೆಯುತ್ತಿದ್ದೆ.

ಅಚ್ಚಾಗಿ ಬಂದ ಪ್ರಬಂಧದ ಕೊನೆಯ ಪುಟದಲ್ಲಿ
ಆ ಚುಕ್ಕಿಗೆ ಒಂದು ಸಾಲು: ಕಾರಣ ತಿಳಿದುಬಂದಿಲ್ಲ.
ಅದರ ಕೆಳಗೇ ಕೃತಜ್ಞತೆ, ತೊಟ್ಟಿ ನೋಡಿಕೊಂಡವಳಿಗೆ.
ಸುನೀತಿ ಎಂಬುದು ಸರಿಯಿತ್ತು.
ಮೆಂಡನ್ ಹೋಗಿ ಮೆಂಡೋನ್ಸಾ ಆಗಿತ್ತು.